ಶುಕ್ರವಾರದ ಲೈನು

ದೂರವೆಂಬುದು ಮನುಷ್ಯನಿಗೆ ಅಂಟಿಕೊಂಡು ಬಂದ ಬಹಳ ಹಳೆಯ ದುಃಖ. ಕಡಲು, ಕಾಡು, ಮರಣ ಎಲ್ಲವೂ ಅದರ ಬೇರೆ ಬೇರೆ ರೂಪಗಳೇ ಎಂದು ಗಂಭೀರವಾಗಿ ಯೋಚಿಸಿ ನಿಟ್ಟುಸಿರು ಬಿಡಬಹುದು. ಆದರೆ ನಾನು ಇಲ್ಲಿ ಬರೆಯಹೊರಟ ದೂರ ಉರ್ವದಿಂದ ಕದ್ರಿಗೆ ಇರುವಂಥದ್ದು. ಸಿಟಿ ಬಸ್ಸಿನಲ್ಲಿ ಹೋದರೆ ನಡುವೆ ಒಮ್ಮೆ ಇಳಿದು ಹತ್ತಬೇಕಾಗುತ್ತದೆ, ಅಷ್ಟೇ. ಬಸ್ಸು ಹತ್ತಬಲ್ಲವರು ಅದನ್ನು ದೂರ ಎಂದು ಕರೆಯುವುದಿಲ್ಲ. ನನ್ನ ಗೆಳೆಯನಿಗೆ ಬಸ್ಸು ಹತ್ತಲು ಆಗುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ಗೇರುಬೀಜ ತುಂಬಿಸುವ ತಗಡಿನ ಡಬ್ಬ ಮಾಡುವ ಕಂಪೆನಿ. ಡಬ್ಬಗಳು ಹುಟ್ಟುತ್ತಿದ್ದುದು ಬೈಕಂಪಾಡಿಯ ಫ್ಯಾಕ್ಟರಿಯಲ್ಲಿ. ಅವುಗಳ ಜಾತಕ ಬರೆಯುತ್ತಿದ್ದುದು ಕದ್ರಿ ಗುಡ್ಡದ ಮೇಲಿನ ಆಫೀಸಿನಲ್ಲಿ. ಧನಿಗಳು, ಅಂದರೆ ನಮ್ಮ ಮಾಲಿಕರು, ಊರಿನಲ್ಲಿ ಗದ್ದೆ, ಪೇಟೆಯಲ್ಲಿ ಹೊಟೇಲು ಇದ್ದ ಮನೆತನದವರು. ಯಾರೋ ಹೇಳಿದರೆಂದು ಒಂದು ಯುನಿಕ್ಸ್ ಕಂಪ್ಯೂಟರ್ ತರಿಸಿದ್ದರು. ಸಣ್ಣ ಬೀರುವಿನಷ್ಟು ಗಾತ್ರ, ದೊಡ್ಡ ಬೀರುವಿನಷ್ಟು ಭಾರ. ಇಡೀ ಆಫೀಸಿನಲ್ಲಿ ಹವಾನಿಯಂತ್ರಣದ ಸುಖ ಇದ್ದದ್ದು ಅದಕ್ಕೊಂದಕ್ಕೇ. ನಾವು ಮನುಷ್ಯರು ಫ್ಯಾನಿನ ಅಡಿಯಲ್ಲಿ ಬೆವರುತ್ತಿದ್ದೆವು, ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಅದರ ದರ್ಶನಕ್ಕೆ ಹೋಗುತ್ತಿದ್ದೆವು. ಬಂದ ದಿನ ಅದರ ಮುಂದೆ ತೆಂಗಿನಕಾಯಿ ಒಡೆಯಲು ಹೊರಟಾಗ, ಜೋಡಿಸಲು ಬಂದ ಇಂಜಿನಿಯರ್ ಎರಡೂ ಕೈ ಅಡ್ಡ ಹಿಡಿದು, ನೀರು ಒಳಗೆ ಹೋದರೆ ತನ್ನ ಕಂಪೆನಿ ಜವಾಬ್ದಾರಿಯಲ್ಲ ಎಂದ. ಕಾಯಿಯನ್ನು ಮೆಟ್ಟಲ ಮೇಲೆ ಒಡೆದು ಒಂದು ಹೋಳನ್ನು ಒಳಗೆ ತಂದು ತೋರಿಸಿದೆವು. ಯಂತ್ರ ಆಕ್ಷೇಪಿಸಲಿಲ್ಲ.

ಅದನ್ನು ನಡೆಸಲು ತರಬೇತಿ ಪಡೆದವರು ನಾವಿಬ್ಬರು, ನಾನು ಮತ್ತು ಈ ಗೆಳೆಯ. ಅವನು ಉರ್ವದ ಬ್ಯಾರಿ ಮುಸ್ಲಿಮರ ಮನೆಯವನು. ಅಜ್ಜನ ಕಾಲದಿಂದ ವ್ಯಾಪಾರ, ಅಣ್ಣ ಗಲ್ಫಿನಲ್ಲಿ. ಇವನೊಬ್ಬ ಮಾತ್ರ ‘ನನಗೆ ಅಂಗಡಿಯೂ ಬೇಡ, ವಿಮಾನವೂ ಬೇಡ’ ಎಂದು ಆಫೀಸಿಗೆ ಸೇರಿದ್ದ. ನಾನು ಯಂತ್ರದ ಆರೋಗ್ಯ ನೋಡಿಕೊಳ್ಳುತ್ತಿದ್ದೆ, ಅವನು ಡಬ್ಬಗಳದ್ದು. ಪ್ರತಿ ಶುಕ್ರವಾರ ಮಧ್ಯಾಹ್ನಕ್ಕೆ ಬೈಕಂಪಾಡಿಯಲ್ಲಿ ವಾರದ ಎಣಿಕೆ ಮುಗಿಯುತ್ತಿತ್ತು. ಅಲ್ಲಿಂದ ಬಂದ ಸ್ಲಿಪ್ಪುಗಳನ್ನು ಅವನು ಯಂತ್ರಕ್ಕೆ ಉಣಿಸಿದರೆ ಸಂಜೆಯೊಳಗೆ ಅದು ಚಲನುಗಳನ್ನು ಅಚ್ಚು ಹಾಕಿ ಕೊಡುತ್ತಿತ್ತು. ಶನಿವಾರ ಬೆಳಿಗ್ಗೆ ಆ ಚಲನು ತೋರಿಸಿದ ಲಾರಿ ಮಾತ್ರ ಗೇಟು ದಾಟಬಹುದು.

ಒಂದು ಮಳೆಗಾಲದ ಕೊನೆಯಲ್ಲಿ ಬೈಕಂಪಾಡಿಯಿಂದ ಬರುವಾಗ ಅವನ ಸ್ಕೂಟರು ಹೆದ್ದಾರಿಯಲ್ಲಿ ಜಾರಿತು. ಹಿಂದಿದ್ದ ಲಾರಿಯವನು ಬ್ರೇಕು ಹಾಕಿದ. ಅದರಿಂದ ಪ್ರಾಣ ಉಳಿಯಿತು. ಬೆನ್ನು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿ ಗಾಲಿಕುರ್ಚಿಯಲ್ಲಿ ಮನೆಗೆ ಬಂದ. ಸೊಂಟದಿಂದ ಮೇಲೆ ಅವನು ಹಿಂದಿನ ಮನುಷ್ಯನೇ. ನಾಲಗೆ ಸ್ವಲ್ಪ ಹರಿತವಾಗಿತ್ತು, ಅಷ್ಟೇ ವ್ಯತ್ಯಾಸ. ನೋಡಲು ಬಂದವರೆಲ್ಲ ‘ಸರಿಯಾಗ್ತದೆ’ ಎಂದು ಹೇಳಿ ಹೋಗುತ್ತಿದ್ದರು. ‘ಇವರೆಲ್ಲ ಯಾವ ಕಾಲೇಜಿನಲ್ಲಿ ಡಾಕ್ಟ್ರು ಕಲಿತದ್ದು ಮಾರಾಯ?’ ಎಂದು ಅವನು ನನ್ನನ್ನು ಕೇಳುತ್ತಿದ್ದ.

ಕದ್ರಿಯ ಆಫೀಸಿಗೆ ಹೋಗಬೇಕಾದರೆ ಗುಡ್ಡದ ಮೆಟ್ಟಲು ಹತ್ತಬೇಕು. ಹೊತ್ತುಕೊಂಡು ಹೋಗಲು ನಾವು ನಾಲ್ಕು ಜನ ತಯಾರಿದ್ದೆವು. ಅವನು ತಯಾರಿರಲಿಲ್ಲ. ‘ನಾಲ್ಕು ಜನ ಹೊತ್ತುಕೊಂಡು ಹೋಗುವ ಕೆಲಸ ಒಂದು ಹೇಗೂ ಉಂಟು. ಅದಕ್ಕೆ ಈಗಲೇ ಅಭ್ಯಾಸ ಬೇಡ’ ಎಂದ.

ಹೊಟ್ಟೆಗೆ ತೊಂದರೆ ಇರಲಿಲ್ಲ, ಅಣ್ಣ ಕಳಿಸುತ್ತಿದ್ದ. ಅವನಿಗೆ ಹೆದರಿಕೆ ಇದ್ದದ್ದು ಬೇರೆ. ಮನೆಯ ಮೂಲೆಯಲ್ಲಿ ಕೂರಿಸಿ ಹೊತ್ತಿಗೆ ಸರಿಯಾಗಿ ಅನ್ನ ಕೊಡುವ ವಸ್ತುವಾಗಿ ಉಳಿಯುವುದು. ಕೆಲಸ ಇದ್ದರೆ ತಾನು ಆಫೀಸಿನವನು, ಇಲ್ಲದಿದ್ದರೆ ‘ಪಾಪದವನು’ ಎಂದು ಅವನೇ ನನಗೆ ಹೇಳಿದ್ದ. ಆ ಒಂದು ಮಾತನ್ನು ಅವನು ನಗದೆ ಹೇಳಿದ್ದ.

ಧನಿಗಳು ಅವನ ಜಾಗವನ್ನು ಖಾಲಿ ಇಟ್ಟಿದ್ದರು, ಚಲನುಗಳನ್ನು ಗುಮಾಸ್ತರಿಂದ ಕೈಯಲ್ಲೇ ಬರೆಸುತ್ತಿದ್ದರು. ಆದರೆ ಖಾಲಿ ಜಾಗವನ್ನು ದಿನಾ ನೋಡುತ್ತಲೂ ಇದ್ದರು. ಆಗ ನಾನು ಯಂತ್ರದ ಜೊತೆ ಬಂದ ದಪ್ಪ ಪುಸ್ತಕದಲ್ಲಿ, ದೂರದಿಂದ ಫೋನಿನ ಮೂಲಕ ಒಳಗೆ ಬರುವ ವಿಧಾನವನ್ನು ಓದಿದೆ. ಎರಡು ತುದಿಗೂ ಒಂದೊಂದು ಮೋಡೆಮ್, ಅಂದರೆ ಕಂಪ್ಯೂಟರಿನ ಅಕ್ಷರವನ್ನು ಫೋನಿನ ಸದ್ದಾಗಿಸುವ ಪೆಟ್ಟಿಗೆ, ಪರದೆ ಕೀಲಿಮಣೆಯ ಒಂದು ಟರ್ಮಿನಲ್, ಒಂದು ಫೋನು ಲೈನು ಬೇಕು. ಗೆಳೆಯನ ಮನೆಯಲ್ಲಿ ಫೋನು ಇತ್ತು, ಅಣ್ಣ ಹಾಕಿಸಿಕೊಟ್ಟದ್ದು. ಆ ಕಾಲದಲ್ಲಿ ಅರ್ಜಿ ಹಾಕಿದವನಿಗೆ ಫೋನು ಬರುವಾಗ ಕಿವಿ ಮಂದವಾಗಿರುತ್ತಿತ್ತು. ಹಾಗಾಗಿ ಅರ್ಧ ಕೆಲಸ ಆಗಿಯೇ ಹೋಗಿದೆ ಎಂದು ನಾನು ಲೆಕ್ಕ ಹಾಕಿದೆ. ಧನಿಗಳ ಮುಂದೆ ಹೋಗಿ ನಿಂತೆ.

‘ಅವನು ಉರ್ವದಲ್ಲಿ ಕೂತು ನಮ್ಮ ಮೆಶಿನಿನ ಒಳಗೆ ಬರುವುದಾ?’

‘ಹೌದು ಧನಿ.’

‘ಹಾಗಾದ್ರೆ ಬೇರೆಯವರೂ ಬರಬಹುದಲ್ಲ?’

‘ಪಾಸ್‌ವರ್ಡ್ ಉಂಟು. ಅವನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ.’

‘ನನಗೂ?’

‘ನಿಮಗೆ ಬೇಕಾದ್ರೆ ಹೇಳುವ.’

ಅವರು, ‘ಬೇಡ ಬೇಡ. ನಾನು ಹೊಟೇಲಿನಲ್ಲಿ ಯಾರ ಹತ್ರವಾದ್ರೂ ಮಾತಿಗೆ ಹೇಳಿಬಿಡ್ತೇನೆ’ ಎಂದರು. ಆಮೇಲೆ, ‘ದೀಪಾವಳಿವರೆಗೆ ನೋಡುವ. ಶುಕ್ರವಾರದ ಕೆಲಸ ಶುಕ್ರವಾರ ಆಗಬೇಕು. ಆಗದಿದ್ರೆ ಬೇರೆ ಜನ ನೋಡಬೇಕಾಗ್ತದೆ. ಅವನಿಗೂ ಹೇಳಿಬಿಡು, ಆಮೇಲೆ ಬೇಜಾರು ಬೇಡ’ ಎಂದರು. ನಾನು ಹೇಳಿದೆ. ಗೆಳೆಯ, ‘ಸರಿಯೇ ಹೇಳಿದ್ದಾರೆ’ ಎಂದ.

ಮುಂದಿನದು ಟೆಲಿಫೋನ್ ಇಲಾಖೆ. ಲೈನಿಗೆ ಹೊಸ ಯಂತ್ರ ಜೋಡಿಸಲು ಅಪ್ಪಣೆ ಬೇಕಿತ್ತು. ಮೇಜಿನ ಹಿಂದಿದ್ದ ಅಧಿಕಾರಿ ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು.

‘ಈ ಮೋಡೆಮ್ ಅನ್ನುವುದು ಮಾತಾಡ್ತದಾ?’

‘ಇಲ್ಲ ಸರ್. ಮೊದಲು ಸ್ವಲ್ಪ ಕಿರುಚುತ್ತದೆ. ಆಮೇಲೆ ಸುಮ್ಮನೆ ಕೆಲಸ ಮಾಡ್ತದೆ.’

‘ಎಷ್ಟು ಹೊತ್ತು?’

‘ಮಧ್ಯಾಹ್ನದಿಂದ ಸಂಜೆವರೆಗೆ.’

‘ಹೊರಗೆ ನೋಡಿ ಮಾರಾಯ್ರೆ. ಅಷ್ಟು ಜನ ಒಂದು ಮಾತು ಆಡ್ಲಿಕ್ಕೆ ಲೈನ್ ಇಲ್ಲ ಅಂತ ನಿಂತಿದ್ದಾರೆ. ನೀವು ಲೈನ್ ಹಿಡಿದು ಮಾತಾಡದೆ ಕೂತುಕೊಳ್ಳುವುದಾ?’

ಹಲವು ಸಲ ಹೋಗಿ ಅದೇ ಮೇಜಿನ ಮುಂದೆ ನಿಂತದ್ದಕ್ಕೆ ಕೊನೆಗೆ ಅಪ್ಪಣೆ ಸಿಕ್ಕಿತು. ಮೋಡೆಮ್‌ಗಳು ಬೊಂಬಾಯಿಯಿಂದ ಬಂದವು. ಟರ್ಮಿನಲನ್ನು ಫ್ಯಾಕ್ಟರಿಯ ವ್ಯಾನಿನಲ್ಲಿ ಉರ್ವಕ್ಕೆ ಸಾಗಿಸಿದೆವು. ಫೋನಿನ ವಯರು ಗಿಡ್ಡವಾದ್ದರಿಂದ ಅದನ್ನು ಇಡಬಹುದಾದ ಜಾಗ ಎದುರಿನ ಕೋಣೆ ಒಂದೇ. ಗೆಳೆಯ ಉಮ್ಮ ಎಂದು ಕರೆಯುತ್ತಿದ್ದ ಅವನ ತಾಯಿ ಫೋನಿನ ಮೇಲಿದ್ದ ಹೆಣೆದ ಬಟ್ಟೆಯಂಥದೇ ಇನ್ನೊಂದನ್ನು ಟರ್ಮಿನಲಿಗೂ ಹೊದೆಸಿದರು.

ಕದ್ರಿಯ ತುದಿಯಲ್ಲಿ ಮಾಡಬೇಕಾದದ್ದು ಕೇಳಿದರೆ ನಗು ಬರುತ್ತದೆ. ಯುನಿಕ್ಸಿನ ಒಳಗೆ ಒಂದು ಪುಟ್ಟ ಕಡತ. ಯಂತ್ರದ ಹಿಂಬದಿಯ ಒಂದೊಂದು ಪೋರ್ಟಿಗೂ, ಅಂದರೆ ವಯರು ಸಿಕ್ಕಿಸುವ ಕಿಂಡಿಗೂ, ಅದರಲ್ಲಿ ಒಂದು ಸಾಲು. ಸಾಲಿನ ಮೊದಲ ಅಂಕಿ ಸೊನ್ನೆಯಾದರೆ ಅಲ್ಲಿಂದ ಯಾರಿಗೂ ಪ್ರವೇಶವಿಲ್ಲ, ಒಂದು ಆದರೆ ಉಂಟು. ಪಕ್ಕದ ಅಕ್ಷರ ಎಷ್ಟು ವೇಗದಲ್ಲಿ ಮಾತಾಡಬೇಕು ಎಂಬುದನ್ನು ಹೇಳುತ್ತದೆ. ಸೊನ್ನೆಯನ್ನು ಒಂದು ಮಾಡಿ, ಆ ಬದಲಾವಣೆಯನ್ನು ಎಲ್ಲ ಪ್ರೋಗ್ರಾಮುಗಳಿಗೂ ಹಿರಿಯನಾದ ಮೊದಲ ಪ್ರೋಗ್ರಾಮಿನ ಕಿವಿಗೆ ಹಾಕಬೇಕು. ಹಿರಿಯರಿಗೆ ವಿಷಯ ಅರಿಕೆ ಮಾಡುವ ಈ ಆಜ್ಞೆಗೆ ಅದನ್ನು ಬರೆದವರು ಇಟ್ಟ ಹೆಸರು ‘ಕಿಲ್’. ಜೊತೆಗೆ ಕೊಡುವ ಅಂಕಿ ತಪ್ಪಿದರೆ ಹೆಸರಿಗೆ ತಕ್ಕ ಕೆಲಸವೇ ಆಗುತ್ತದೆ. ನಾನು ದೇವಸ್ಥಾನಕ್ಕೆ ಕೈಮುಗಿಯುವವನ ಹಾಗೆ ಒಂದು ಕ್ಷಣ ಕಣ್ಣು ಮುಚ್ಚಿ ಒತ್ತಿದೆ. ಹಿರಿಯರು ಬದುಕಿ ಉಳಿದರು.

ಮೊದಲ ಪ್ರಯತ್ನದಲ್ಲಿ ಉರ್ವದ ಪರದೆಯ ಮೇಲೆ ಕಸ ಸುರಿಯಿತು. ಸಂಗತಿ ನನಗೆ ತಿಳಿಯಬೇಕಾದರೆ ಗೆಳೆಯ ಮೋಡೆಮ್ ಕಡಿದು ಅದೇ ಫೋನಿನಿಂದ ಆಫೀಸಿನ ಇನ್ನೊಂದು ನಂಬರಿಗೆ ಡಯಲ್ ತಿರುಗಿಸಬೇಕು.

‘ಎಂತ ಕಾಣ್ತದೆ?’

‘ಪ್ರಶ್ನಾರ್ಥಕ ಚಿಹ್ನೆ. ತುಂಬ ಉಂಟು. ನಿನ್ನ ಮೆಶಿನಿಗೆ ನನ್ನ ಮೇಲೆ ಸಂಶಯ.’

ವೇಗದ ಅಕ್ಷರ ಬದಲಿಸಿದೆ. ಮತ್ತೆ ಕಸ. ಮತ್ತೆ ಫೋನು. ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಒಮ್ಮೆ ಫೋನು ಬರಲೇ ಇಲ್ಲ. ಬದಲಿಗೆ ನನ್ನ ಮುಂದಿನ ಪರದೆಯಲ್ಲಿ, ಒಳಗೆ ಯಾರಿದ್ದಾರೆ ಎಂದು ಕೇಳಿದಾಗ, ನನ್ನ ಹೆಸರಿನ ಕೆಳಗೆ ಅವನ ಹೆಸರು ಬಂತು. ಅಪಘಾತದ ನಂತರ ಅವನು ಆಫೀಸಿಗೆ ಬಂದದ್ದು ಅದೇ ಮೊದಲು. ನಾನು ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿದೆ, ಸುಮ್ಮನೆ.

ವಾರದ ನಡುವಿನ ಕೆಲಸ ಸಲೀಸಾಗಿ ನಡೆಯಿತು. ಧನಿಗಳು ಒಂದೆರಡು ಸಲ ಬಂದು, ಯಾರೂ ಮುಟ್ಟದೆ ಪ್ರಿಂಟರು ತಾನಾಗಿ ಕಾಗದ ಉಗುಳುವುದನ್ನು ಭೂತ ನೋಡಿದವರ ಹಾಗೆ ನೋಡಿ ಹೋದರು. ನಮ್ಮ ಯೋಜನೆಯಲ್ಲಿ ವಯರು, ವೇಗ, ಅಪ್ಪಣೆ ಎಲ್ಲವೂ ಇತ್ತು. ಅದು ಯಾರ ಫೋನು ಎಂಬ ಪ್ರಶ್ನೆ ಮಾತ್ರ ಇರಲಿಲ್ಲ. ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಉತ್ತರ ಎಲ್ಲರಿಗೂ ಗೊತ್ತಿತ್ತು. ಆ ಓಣಿಯಲ್ಲಿ ಇದ್ದದ್ದು ಆ ಒಂದು ಫೋನು. ಆದ್ದರಿಂದ ಅದು ಓಣಿಯದ್ದು. ಮಗನೋ ಗಂಡನೋ ಗಲ್ಫಿನಲ್ಲಿದ್ದ ಪ್ರತಿಯೊಂದು ಮನೆಯವರೂ ಆ ನಂಬರನ್ನೇ ಕೊಟ್ಟಿದ್ದರು. ಅತ್ತ ಕರೆ ಬಂದರೆ ಇತ್ತ ಉಮ್ಮ ಬೇಲಿಯ ಬಳಿ ನಿಂತು ಕೂಗುತ್ತಿದ್ದರು. ಹತ್ತಿರದಲ್ಲೇ ಬಾಡಿಗೆಗಿದ್ದ ನಾನೂ ನನ್ನ ನೆಂಟರಿಗೆಲ್ಲ ಕೊಟ್ಟದ್ದು ಅದೇ ನಂಬರು. ಗಲ್ಫಿನಲ್ಲಿ ರಜೆ ಶುಕ್ರವಾರ. ನಮಾಜು ಮುಗಿಸಿ ಅವರೆಲ್ಲ ಬೂತಿನ ಮುಂದೆ ಸಾಲು ನಿಂತು ನಂಬರು ಒತ್ತುವಾಗ ಇಲ್ಲಿ ಶುಕ್ರವಾರ ಮಧ್ಯಾಹ್ನ ಕಳೆದಿರುತ್ತಿತ್ತು. ಬೈಕಂಪಾಡಿಯ ವ್ಯಾನು ಸ್ಲಿಪ್ಪುಗಳನ್ನು ಉರ್ವಕ್ಕೆ ತಂದು ಕೊಡುತ್ತಿದ್ದುದೂ ಅದೇ ಹೊತ್ತಿಗೆ.

ಮೊದಲ ಶುಕ್ರವಾರ ಅವನು ಗಲ್ಫಿನ ಕರೆಗಳಿಗೆ ದಾರಿ ಬಿಡಲು ನಡುವೆ ಲೈನು ಕಡಿದ. ಕದ್ರಿಯ ಯಂತ್ರಕ್ಕೆ ಅದು ತಿಳಿಯಲೇ ಇಲ್ಲ. ನಾನು ಮಾಡಿದ ಕೇಬಲ್ಲಿನಲ್ಲಿ, ಆಚೆಯವರು ಫೋನು ಇಟ್ಟರೆಂದು ತಿಳಿಸುವ ತಂತಿ ಇರಲಿಲ್ಲ. ಅವನು ಇನ್ನೂ ಇದ್ದಾನೆಂದೇ ತಿಳಿದು ಅವನ ಮುಂದಿನ ಅಕ್ಷರಕ್ಕಾಗಿ ಅದು ಕಾಯುತ್ತಾ ಕೂತಿತು. ತಂತಿ ಸೇರಿಸಿದೆ. ಆಮೇಲೆ ಅವನು ಫೋನು ಇಟ್ಟ ಕೂಡಲೇ ಅವನನ್ನು ಹೊರಗೆ ಹಾಕಲು ಕಲಿಯಿತು. ಮತ್ತೆ ಒಳಗೆ ಬರಬೇಕಾದರೆ ಡಯಲ್ ತಿರುಗಿಸುತ್ತಾ ಕೂರಬೇಕು. ಎಕ್ಸ್‌ಚೇಂಜು ಕೃಪೆ ತೋರಿದರೆ ಒಂದೇ ಸಲಕ್ಕೆ, ಇಲ್ಲದಿದ್ದರೆ ಬೆರಳು ನೋಯುವವರೆಗೆ.

ನಾವು ಉಪಾಯ ಹುಡುಕದೆ ಇರಲಿಲ್ಲ. ಎರಡನೇ ಫೋನು ಕೇಳಲು ಹೋದರೆ ಹಿಂದಿನ ಅಧಿಕಾರಿಯೇ ಇದ್ದರು. ಈ ಸಲ ಅವರು ಕನ್ನಡಕದ ಮೇಲಿನಿಂದ ನೋಡಲೂ ಇಲ್ಲ. ರಾತ್ರಿ ಮಾಡಿದರಾಯಿತೆಂದರೆ, ಧನಿಗಳಿಗೆ ಬೆಂಕಿಯ ಭಯ. ಸಂಜೆ ಆಫೀಸು ಮುಚ್ಚುವಾಗ ಮೇನ್ ಸ್ವಿಚ್ ತಾವೇ ತೆಗೆದು, ತೆಗೆದದ್ದು ಹೌದೇ ಎಂದು ಮುಟ್ಟಿ ನೋಡಿ ಹೋಗುತ್ತಿದ್ದರು. ಓಣಿಯ ಹೆಂಗಸರು ತಾವಾಗಿಯೇ ಫೋನಿಗೆ ಬರುವುದು ಕಡಿಮೆ ಮಾಡಿದರು. ಬಂದವರು ಜಗಲಿಯಲ್ಲಿ ಕೂತು ಪಿಸುಮಾತಿನಲ್ಲಿ ಮಾತಾಡುತ್ತಿದ್ದರು, ಗಟ್ಟಿಯಾಗಿ ಮಾತಾಡಿದರೆ ಕಂಪ್ಯೂಟರಿಗೆ ಕೇಳಿಸುತ್ತದೆಂಬಂತೆ. ಗೆಳೆಯ ಅರ್ಧ ಸ್ಲಿಪ್ಪು ಹಾಕಿ ಲೈನು ಬಿಡುವುದು, ಕರೆ ಬಂದು ಹೋದ ಮೇಲೆ ಮತ್ತೆ ಹಿಡಿಯುವುದು, ಹೀಗೆ ಮಾಡಿ ಹೇಗೋ ಸಂಜೆಯೊಳಗೆ ಮುಗಿಸುತ್ತಿದ್ದ. ಧನಿಗಳು ಮೇನ್ ಸ್ವಿಚ್ಚಿನ ಕೆಳಗೆ ನಿಂತು ಪ್ರಿಂಟರಿನ ಕೊನೆಯ ಕಾಗದಕ್ಕಾಗಿ ಕಾಯತೊಡಗಿದರು. ನಿಲ್ಲುತ್ತಿದ್ದರು, ಅಷ್ಟೇ.

ದೀಪಾವಳಿಯ ಹಿಂದಿನ ಶುಕ್ರವಾರ ಸ್ಲಿಪ್ಪುಗಳು ಎಂದಿಗಿಂತ ಹೆಚ್ಚು. ನನ್ನ ಪರದೆಯಲ್ಲಿ ಅವನ ಹೆಸರು ಬಂತು, ಸ್ವಲ್ಪ ಹೊತ್ತು ಇತ್ತು, ಹೋಯಿತು. ಮತ್ತೆ ಬರಲಿಲ್ಲ. ಫೋನು ಮಾಡಿ ವಿಚಾರಿಸುವುದೆಂದರೆ ಅವನು ಡಯಲ್ ಮಾಡುತ್ತಿರುವ ಲೈನನ್ನು ನಾನೇ ಅಡ್ಡ ಹಿಡಿದಂತೆ. ಕಾದು ಕಾದು ಸಾಕಾಗಿ, ಕೆಳಗೆ ಇಳಿದು ಬಸ್ಸು ಹಿಡಿದೆ.

ಎದುರಿನ ಕೋಣೆಯಲ್ಲಿ ಗೆಳೆಯ ಸ್ಲಿಪ್ಪುಗಳ ಕಟ್ಟನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತಿದ್ದ. ಫೋನು ತನ್ನ ಜಾಗದಲ್ಲಿ, ರಿಸೀವರು ಅದರ ಮೇಲೆ. ಗೋಡೆಗೆ ಒರಗಿ ನೆಲದ ಮೇಲೆ ಹಿಂದಿನ ಮನೆಯ ಹೆಂಗಸು ಕೂತಿದ್ದಳು. ಅವಳ ಒಬ್ಬನೇ ಮಗ ಗಲ್ಫಿಗೆ ಹೋಗಿ ವರ್ಷವಾಗಿತ್ತು. ಕೆಲವು ವಾರಗಳಿಂದ ಪತ್ರವೂ ಇಲ್ಲ, ಕರೆಯೂ ಇಲ್ಲ. ಅದು ನನಗೂ ಗೊತ್ತಿತ್ತು. ಓಣಿಗೆಲ್ಲ ಗೊತ್ತಿತ್ತು.

‘ನೀನು ಕೆಲಸ ಮಾಡು ಮೋನೇ’ ಎಂದು ಅವಳು ಗೆಳೆಯನನ್ನು ಮಗನೆಂದೇ ಕರೆದು ಹೇಳುತ್ತಿದ್ದಳು. ‘ನಾನು ಎಂತ ಮಾಡ್ತೇನೆ? ಸುಮ್ಮನೆ ಕೂತಿದ್ದೇನೆ.’

‘ಲೈನ್ ಸಿಗುವುದಿಲ್ಲ ಚಿಕ್ಕಮ್ಮ. ಎಕ್ಸ್‌ಚೇಂಜಿನಲ್ಲಿ ತೊಂದರೆ ಉಂಟಂತೆ’ ಎಂದ ಗೆಳೆಯ. ಚಿಕ್ಕಮ್ಮ ಎಂದು ಕರೆಯುತ್ತಿದ್ದ, ಅಷ್ಟೇ. ಅವಳು ಸಂಬಂಧದಲ್ಲಿ ಏನೂ ಆಗಬೇಕಾಗಿರಲಿಲ್ಲ.

ಎಕ್ಸ್‌ಚೇಂಜಿನಲ್ಲಿ ತೊಂದರೆ ಇರಲಿಲ್ಲ. ನಾನು ಅವನ ಕಿವಿಯ ಬಳಿ ಬಗ್ಗಿದೆ.

‘ಹೊತ್ತಾಗ್ತಾ ಉಂಟು. ಸ್ಲಿಪ್ ಕೊಡು, ನಾನು ಕದ್ರಿಗೆ ಹೋಗಿ ಹಾಕ್ತೇನೆ.’

‘ನೀನು ಹಾಕುವುದಾದ್ರೆ ನಾನು ಯಾಕೆ?’

‘ಒಂದು ದಿನಕ್ಕೆ ಮಾರಾಯ.’

‘ಒಂದು ದಿನ ನೀನು ಹಾಕಿದ್ರೆ ಸಾಕು. ನಾನಿಲ್ಲದೆಯೂ ಆಗ್ತದೆ ಅಂತ ಧನಿಗಳಿಗೆ ಲೆಕ್ಕ ಬರ್ತದೆ.’

‘ಹಾಗಾದ್ರೆ ಚಿಕ್ಕಮ್ಮನ ಹತ್ರ ಸ್ವಲ್ಪ ಹೇಳು. ಅವರಿಗೆ ಗೊತ್ತಾಗ್ತದೆ.’

‘ಹೇಳಿದ್ರೆ ಅವರು ಈಗಲೇ ಎದ್ದು ಹೋಗ್ತಾರೆ. ಅದಕ್ಕೇ ಹೇಳುವುದಿಲ್ಲ.’

ಉಮ್ಮ ಚಹಾ ತಂದರು. ಯಾರೂ ಕುಡಿಯಲಿಲ್ಲ, ಅವಳು ಮಾತ್ರ ಲೋಟವನ್ನು ಕೈಯಲ್ಲಿ ಹಿಡಿದುಕೊಂಡಳು. ಹೊರಗೆ ಮಾರ್ಕೆಟಿನಿಂದ ಬರುವ ಬಸ್ಸುಗಳ ಹಾರ್ನು. ಕಿಟಕಿಯ ಬಿಸಿಲು ಟರ್ಮಿನಲಿನ ಹೊದಿಕೆಯಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಸರಿಯಿತು. ನಾವು ಮೂವರೂ, ಜೊತೆಗೆ ಬೊಂಬಾಯಿಯಿಂದ ತರಿಸಿದ ಒಂದು ಯಂತ್ರವೂ, ಒಂದು ಕಪ್ಪು ಫೋನಿನ ಮುಖ ನೋಡುತ್ತಾ ಕೂತೆವು. ಅದಕ್ಕಿಂತ ಶಿಸ್ತಿನ ಸಭೆಯನ್ನು ನಾನು ಆಮೇಲೆ ಕಂಡದ್ದಿಲ್ಲ.

ಬಿಸಿಲು ಇಳಿದ ಮೇಲೆ ಫೋನು ರಿಂಗಾಯಿತು. ಅವಳು ಲೋಟ ಕೆಳಗಿಟ್ಟು ಎದ್ದು ನಿಂತಳು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಗೆಳೆಯ ರಿಸೀವರು ಎತ್ತಿ ‘ಹಲೋ’ ಎಂದ. ಒಂದು ಕ್ಷಣ ಕೇಳಿಸಿಕೊಂಡು ಅವಳ ಕಡೆ ನೋಡಿ ತಲೆ ಅಲ್ಲಾಡಿಸಿದ. ಕರೆ ಧನಿಗಳದ್ದು.

ನನಗೆ ಈ ತುದಿಯ ಮಾತು ಮಾತ್ರ ಕೇಳಿಸಿತು. ‘ಇಲ್ಲ ಧನಿ... ಲೈನ್ ಸರಿ ಉಂಟು... ಇಲ್ಲ, ಮೆಶಿನ್ ಹಾಳಾಗಲಿಲ್ಲ... ಹೌದು, ಅವನು ಇಲ್ಲೇ ಇದ್ದಾನೆ... ಸ್ಲಿಪ್ ಅವನ ಕೈಯಲ್ಲಿ ಕೊಡ್ತೇನೆ.’ ರಿಸೀವರು ಇಟ್ಟು ಸ್ಲಿಪ್ಪುಗಳ ಕಟ್ಟನ್ನು ನನ್ನ ಕಡೆ ಚಾಚಿದ. ‘ಮೇಲಿನ ನಾಲ್ಕು ದೊಡ್ಡ ಡಬ್ಬದ್ದು. ಸಣ್ಣದರ ಜೊತೆ ಸೇರಿಸಬೇಡ’ ಎಂದ.

ಆ ಸಂಜೆ ಧನಿಗಳು ಬೆಂಕಿಯ ಭಯವನ್ನು ಬದಿಗಿಟ್ಟು, ನಾನು ಮುಗಿಸುವವರೆಗೆ ಆಫೀಸು ತೆರೆದಿಟ್ಟು ಬಾಗಿಲ ಬಳಿ ಕೂತರು. ಅವನಷ್ಟು ಬೇಗ ನನ್ನಿಂದ ಆಗಲಿಲ್ಲ. ಆದರೆ ಆಯಿತು. ದೊಡ್ಡ ಡಬ್ಬ ಸಣ್ಣ ಡಬ್ಬ ಸೇರಿಹೋಗಲಿಲ್ಲ. ಶನಿವಾರ ಬೆಳಿಗ್ಗೆ ಲಾರಿಗಳು ಗೇಟು ದಾಟಿದವು. ಯಾವುದಾದರೂ ಒಂದು ಲಾರಿ ನಿಂತುಹೋಗಿದ್ದರೆ ಅವನಿಗೆ ಒಳ್ಳೆಯದಿತ್ತೋ ಏನೋ. ಒಂದೂ ನಿಲ್ಲಲಿಲ್ಲ.

ಹಬ್ಬ ಕಳೆದ ಮೇಲೆ ಧನಿಗಳು ತಾವೇ ಉರ್ವಕ್ಕೆ ಹೋದರು, ಹೊಟೇಲಿನಿಂದ ಸಿಹಿಯ ಪೊಟ್ಟಣ ಹಿಡಿದು. ನನ್ನನ್ನೂ ಕರೆದುಕೊಂಡು ಹೋದರು. ಉಮ್ಮನ ಆರೋಗ್ಯ, ಅಣ್ಣನ ವಿಷಯ, ಮಳೆ ನಿಂತದ್ದು ಎಲ್ಲ ಮಾತಾಡಿದ ಮೇಲೆ ಚಹಾದ ಲೋಟದೊಳಗೆ ನೋಡುತ್ತಾ ಹೇಳಿದರು.

‘ನಿನ್ನ ಕೆಲಸದಲ್ಲಿ ಒಂದು ತಪ್ಪೂ ನಾನು ಹೇಳುವುದಿಲ್ಲ. ಆ ದಿನ ಆದದ್ದು ಇವನು ಹೇಳಿದ. ನಮ್ಮ ಊರಿನ ಮನೆಯಲ್ಲಿಯೂ ಹೀಗೇ. ಫೋನಿಗೆ ಅಂತ ಬಂದು ಕೂತವರನ್ನು ಏಳಿ ಅಂತ ಹೇಳ್ಲಿಕ್ಕೆ ಆಗ್ತದಾ? ನಾನಾದ್ರೂ ಹೇಳುತ್ತಿರಲಿಲ್ಲ.’

‘ಗೊತ್ತುಂಟು ಧನಿ.’

‘ಆದ್ರೆ ಡಬ್ಬ ಶನಿವಾರ ಹೋಗಬೇಕಲ್ಲ.’

‘ಹೋಗಬೇಕು.’

ಇಬ್ಬರೂ ಇಷ್ಟು ಸುಲಭವಾಗಿ ಒಪ್ಪಿಕೊಂಡದ್ದನ್ನು ಕಂಡು, ಯಾರಾದರೂ ಒಬ್ಬರು ಜಗಳವಾಡಲಿ ಎಂದು ನನಗೆ ಅನ್ನಿಸಿತು. ಯಾರೂ ಆಡಲಿಲ್ಲ. ಸಿಹಿಯ ಪೊಟ್ಟಣವನ್ನು ಉಮ್ಮ ಒಳಗೆ ಕೊಂಡುಹೋದರು. ಅಷ್ಟರಲ್ಲಿ ಫೋನು ರಿಂಗಾಗಿ, ಗೆಳೆಯ ಎತ್ತಿ ಕೇಳಿ, ‘ಐದು ನಿಮಿಷ ಬಿಟ್ಟು ಮಾಡು, ಕರೆಸ್ತೇನೆ’ ಎಂದು ಇಟ್ಟು, ಯಾರನ್ನೋ ಕೂಗಲು ಉಮ್ಮನಿಗೆ ಹೇಳಿದ. ಬರುವವರಿಗೆ ಜಾಗ ಬೇಕೆಂದು ಧನಿಗಳು ತಮ್ಮ ಕುರ್ಚಿಯನ್ನು ಗೋಡೆಯ ಕಡೆ ಸರಿಸಿಕೊಂಡರು.

ಹಿಂದಿನ ಮನೆಯ ಹೆಂಗಸಿಗೆ ಆಮೇಲೆ ಮಗನ ಪತ್ರ ಬಂತು. ಅವನ ಕೆಲಸ ಮರುಭೂಮಿಯ ಒಳಗಿನ ಬೇರೆ ಜಾಗಕ್ಕೆ ಬದಲಾಗಿತ್ತು. ಅಲ್ಲಿ ಫೋನು ಇರಲಿಲ್ಲ.

ಟರ್ಮಿನಲ್ ಮತ್ತು ಮೋಡೆಮನ್ನು ಉರ್ವದಿಂದ ತಂದು ಬೈಕಂಪಾಡಿಯ ಫ್ಯಾಕ್ಟರಿಯಲ್ಲಿ ಜೋಡಿಸಿದೆವು. ಗೆಳೆಯನ ಜಾಗಕ್ಕೆ ಬಸ್ಸು ಹತ್ತಬಲ್ಲ ಬೇರೆಯವರನ್ನು ತೆಗೆದುಕೊಂಡರು.